ಡ್ರೈವರಮ್ಮ ಕತ್ತರಿಸಿದ ತುಣುಕು

ಬುಧವಾರ, ಮಧ್ಯಾಹ್ನ

ನನ್ನ ಹಟಮಾರಿ ಮಗಳಿಗೆ,

ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ. ಮೊದಲೇ ಹೇಳಿಬಿಡುತ್ತೇನೆ, ಲಕೋಟೆ ನೋಡಿ ಎದೆ ಹಿಡಿದುಕೊಳ್ಳಬೇಡ. ದಿನಾ ಫೋನಿನಲ್ಲಿ ತಲೆ ತಿನ್ನುವವಳು ಇವತ್ತು ಕಾಗದ ಯಾಕೆ ಬರೆದಳು ಅಂತ ನಿನಗೆ ಅನ್ನಿಸುತ್ತದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತನ್ನು ಬೇರೆ ಕಡೆ ತಿರುಗಿಸುತ್ತೇನೆ. ತಿರುಗಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಇಪ್ಪತ್ತು ವರ್ಷ ಸ್ಕೂಲ್ ವ್ಯಾನ್ ಓಡಿಸಿದವಳು.

ಮೊದಲು ಅಳಿಯಂದಿರಿಗೆ ಹೇಳು, ಹೊಸ ಲ್ಯಾಪ್‌ಟಾಪ್ ಕೊಳ್ಳುವುದು ಬೇಡ. ಹಳೆಯದು ಹ್ಯಾಂಗ್ ಆಗುತ್ತಿದೆ ಅಂತ ಒಂದು ತಿಂಗಳಿಂದ ನಾನು ಗೊಣಗಿದ್ದು ನಿಜ. ಅವರು ಪಾಪ, "ಅತ್ತೆ, ಹಳೇ ರೆಕಾರ್ಡಿಂಗ್ ಎಲ್ಲ ಅಳಿಸಿಬಿಡಿ, ಅದರಲ್ಲಿ ಜಾಗ ಇಲ್ಲ" ಅಂದರು. ಅಳಿಸಿದೆ. ಆದರೆ ಅದು ಹ್ಯಾಂಗ್ ಆಗುತ್ತಿರಲಿಲ್ಲ ಮಗಳೇ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳು. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ನೀರು ಕುಡಿದು ಬಂದಿದ್ದೇನೆ.

ಪೆಟ್ರೋಲ್ ಬಂಕಿನಲ್ಲಿ ಫಿಟ್ಸ್ ಬಂದು ಬಿದ್ದ ಮೇಲೆ, ವರ್ಷವಿಡೀ ಮತ್ತೆ ಬರದಿದ್ದರೆ ಮಾತ್ರ ಸ್ಟೇರಿಂಗ್ ಅಂತ ಡಾಕ್ಟರಮ್ಮ ಹೇಳಿದರಲ್ಲ, ಆ ದಿನ ನಾನು ಹೇಗೆ ಹಾರಾಡಿದೆ ಅಂತ ನಿನಗೆ ನೆನಪಿರಬೇಕು. ವ್ಯಾನಿನಲ್ಲಿ ಆಗ ಮಕ್ಕಳಿರಲಿಲ್ಲ, ಅದೊಂದು ಪುಣ್ಯ. ಕಾಲಿಗೆ ಚಕ್ರ ಕಟ್ಟಿಕೊಂಡವಳನ್ನು ಮನೆಯಲ್ಲಿ ಕೂರಿಸಿದರೆ ಏನಾಗುತ್ತದೆ? ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಆಗ ನೀನೇ ಅಲ್ಲವೇ ನಿನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಲಾರಿ ಓಡಿಸುವ ಆಟ ಹಾಕಿಕೊಟ್ಟು, "ಇದನ್ನ ಓಡಿಸಮ್ಮ, ಯಾರಿಗೂ ಏನೂ ಆಗಲ್ಲ" ಅಂದವಳು?

ಆಟವಾಡುತ್ತಾ ಆಡುತ್ತಾ ಅದನ್ನು ರೆಕಾರ್ಡ್ ಮಾಡಿ ಇಂಟರ್ನೆಟ್ಟಿನಲ್ಲಿ ನನ್ನದೇ ಒಂದು ಚಾನೆಲ್‌ಗೆ ಹಾಕುವ ಚಟ ಹತ್ತಿತು. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಪುಕ್ಕಟೆ, ಎಡಿಟ್ ಮಾಡುವುದು ಒಂದು ಸಿನಿಮಾ ಟಿಕೆಟ್ಟಿಗಿಂತ ಅಗ್ಗ. ಪರದೆಯ ಕೆಳಮೂಲೆಯಲ್ಲಿ ನನ್ನ ಮುಖ, ಉಳಿದದ್ದೆಲ್ಲ ರಸ್ತೆ. ಉಸಿರಿನ ಸದ್ದು ಬರದಿರಲಿ ಅಂತ ಮೈಕಿಗೆ ನಿನ್ನ ಮಗಳು ಗುಬ್ಬಿಯ ಹಳೆಯ ಕಾಲುಚೀಲ ತೊಡಿಸಿದ್ದೇನೆ. ನೋಡುವವರು ನನಗೆ ಡ್ರೈವರಮ್ಮ ಅಂತ ಹೆಸರಿಟ್ಟಿದ್ದಾರೆ. ಆಟದಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಪ್ರಾಣಿ ಪ್ರಪಂಚದಲ್ಲಿ ನಾನೊಬ್ಬಳೇ ಅಂತ ಕಾಲೆಳೆಯುತ್ತಾರೆ. ಎಳೆಯಲಿ ಬಿಡು. ಆಡುವುದಕ್ಕಿಂತ ನನಗೆ ಆಮೇಲೆ ಕೂತು ಕತ್ತರಿಸುವುದೇ ಇಷ್ಟ. ಕೆಮ್ಮಿದ್ದು, ತಡವರಿಸಿದ್ದು, ಕುಕ್ಕರ್ ಕೂಗಿದ್ದು, ಎಲ್ಲ ಕತ್ತರಿಸಿ ಎರಡು ತುದಿ ಜೋಡಿಸಿದರೆ ಎಲ್ಲೂ ಎಡವದ ಹೆಂಗಸೊಬ್ಬಳು ಲಾರಿ ಓಡಿಸುತ್ತಾ ಹೋಗುತ್ತಾಳೆ. ಅವಳನ್ನು ನೋಡಿದರೆ ನನಗೇ ಹೆಮ್ಮೆ.

ಈಗ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಡಾಕ್ಟರಮ್ಮನ ಹತ್ತಿರ ಹೋಗಬೇಕು. ವರ್ಷ ತುಂಬಿತು. ಅವರು ಬರೆದುಕೊಟ್ಟರೆ ಲೈಸೆನ್ಸ್ ವಾಪಸ್, ಮುಂದಿನ ತಿಂಗಳಿಂದ ಗುಬ್ಬಿಯನ್ನು ಸ್ಕೂಲಿಗೆ ಬಿಡುವುದು ಅಜ್ಜಿಯ ಕೆಲಸ, ನೀನು ನಿಶ್ಚಿಂತೆಯಿಂದ ಮತ್ತೆ ಕೆಲಸಕ್ಕೆ ಸೇರುವುದು. ಹಾಗಂತ ನಾವು ಲೆಕ್ಕ ಹಾಕಿದ್ದೆವಲ್ಲ.

ಸೋಮವಾರ ಬೆಳಗ್ಗೆ ಎಡಿಟ್ ಮಾಡಲು ಕೂತೆ. ಹಿಂದಿನ ದಿನ ಓಡಿಸಿದ್ದು ಕಬ್ಬಿಣದ ಪೈಪು ತುಂಬಿದ ಲಾರಿ. ದಾರಿಯಲ್ಲಿ ಒಂದು ಕಡೆ ಲ್ಯಾಪ್‌ಟಾಪ್ ಹ್ಯಾಂಗ್ ಆಗಿ ಲಾರಿ ಬೇಲಿಗೆ ಗುದ್ದಿದ್ದು ನೆನಪಿತ್ತು, ಅದಕ್ಕೆ ಬಾಯಿಗೆ ಬಂದಂತೆ ಬೈದಿದ್ದೂ ನೆನಪಿತ್ತು. ಆ ಭಾಗ ತೆಗೆಯೋಣ ಅಂತ ಹುಡುಕಿದೆ. ಹ್ಯಾಂಗ್ ಆಗಿದ್ದರೆ ಚಿತ್ರ ನಿಲ್ಲಬೇಕಲ್ಲ? ವೈಪರ್ ಆಡುತ್ತಲೇ ಇತ್ತು, ಎದುರಿನ ಕಾರುಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ನಿಂತುಹೋದವಳು ಮೂಲೆಯಲ್ಲಿದ್ದ ನಾನು. ಕಣ್ಣು ತೆರೆದೇ ಇದೆ. ಬಾಯಿ ಏನನ್ನೋ ಮೆಲ್ಲುತ್ತಿದೆ, ಬಾಯಲ್ಲಿ ಏನೂ ಇಲ್ಲ. ಎಡಗೈ ಅಂಗಿಯ ಗುಂಡಿಯನ್ನು ತಿರುವುತ್ತಿದೆ. ಲಾರಿ ಮೆಲ್ಲಗೆ ಆಚೆ ಬದಿಗೆ ಸರಿದು, ಬೇಲಿ ಮುರಿದು, ಮರಕ್ಕೆ ಗುದ್ದಿ ನಿಂತಿತು. ನಿಧಾನವಾಗಿ ಹದಿನೈದು ಎಣಿಸುವಷ್ಟು ಹೊತ್ತು. ಆಮೇಲೆ ಆ ಮಹಾರಾಯಿತಿ ಬೆಚ್ಚಿ, "ಥತ್, ಈ ದರಿದ್ರ ಮತ್ತೆ ಹ್ಯಾಂಗ್ ಆಯ್ತು" ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮತ್ತೆ ಮತ್ತೆ ಹಾಕಿ ನೋಡಿದೆ. ಬೀಳದೆಯೂ ಹೀಗೆ ಫಿಟ್ಸ್ ಬರಬಹುದು ಅಂತ ಡಾಕ್ಟರಮ್ಮ ಅಂದದ್ದು ನೆನಪಾಗಿ ತುಂಬಾ ಹೆದರಿದೆ. ಹೆದರಿ ಏನು ಮಾಡಿದೆ ಗೊತ್ತೇ? ಕತ್ತರಿಸಿದೆ. ಎರಡು ತುದಿ ಜೋಡಿಸಿ, ಗುರುತು ಸಿಗದಂತೆ ಮೇಲೆ ಸ್ವಲ್ಪ ಸಂಗೀತ ಹಾಕಿ, ಚಾನೆಲ್‌ಗೆ ಏರಿಸಿದೆ. ಮೂಲ ರೆಕಾರ್ಡಿಂಗನ್ನು ಲ್ಯಾಪ್‌ಟಾಪಿನ ಕಸದ ಬುಟ್ಟಿಗೆ ಎಳೆದುಹಾಕಿದೆ. ಆಮೇಲೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಸಂಜೆ ನೀನು ಫೋನ್ ಮಾಡಿದಾಗ ನಾನು ವಿಪರೀತ ನಕ್ಕೆನಲ್ಲ, ಅದು ಅದಕ್ಕೇ.

ಮಂಗಳವಾರ ನಮ್ಮ ಕಾಯಂ ಗಿರಾಕಿಯೊಬ್ಬ, ಟೈರ್ ಅಂಗಡಿಯವನಂತೆ, ವಿಡಿಯೋದ ಕೆಳಗೆ ಬರೆದಿದ್ದ: "ಡ್ರೈವರಮ್ಮ, ಆ ತಿರುವಿಗೆ ಮುಂಚೆ ಮುಂದಿನ ಗಾಜು ಸರಿಯಾಗೇ ಇತ್ತು, ಆಮೇಲೆ ಬಿರುಕು ಬಿಟ್ಟಿದೆ. ಎಲ್ಲಿ ಗುದ್ದಿ ಮುಚ್ಚಿಟ್ರಿ?" ಅದರ ಕೆಳಗೆ ನಗುವ ಮುಖಗಳ ಸಾಲು. ಅವನು ತಮಾಷೆಗೆ ಅಂದದ್ದು. ಕಳ್ಳನ ಮನಸ್ಸು ಹುಳ್ಳುಳ್ಳಗೆ, ನನಗೆ ನಗು ಬರಲಿಲ್ಲ. ಕಸದ ಬುಟ್ಟಿಯಿಂದ ರೆಕಾರ್ಡಿಂಗ್ ವಾಪಸ್ ತೆಗೆದೆ. ಹಿಂದಿನ "ಹ್ಯಾಂಗು"ಗಳಲ್ಲಿ ನನ್ನ ಮುಖ ಹೇಗಿತ್ತು ನೋಡೋಣ ಅಂದರೆ ಅವೆಲ್ಲ ಜಾಗ ಮಾಡುವ ಗಲಾಟೆಯಲ್ಲಿ ಅಳಿಸಿಹೋಗಿವೆ. ಎಷ್ಟು ಸಲ ಹೀಗಾಗಿದೆಯೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ನಿನ್ನೆಯಿಂದ ನನಗೂ ನನಗೂ ಜಗಳ. ಡಾಕ್ಟರಮ್ಮ ಕೇಳುವುದು ಒಂದೇ ಮಾತು, "ಮತ್ತೆ ಬಂದಿತ್ತಾ?" ಇಲ್ಲ ಅಂದರೆ ಮುಗಿಯಿತು. ನಿದ್ದೆ ಕೆಟ್ಟಿರಬೇಕು, ಪರದೆ ನೋಡಿ ನೋಡಿ ಕಣ್ಣು ಸೋತಿರಬೇಕು, ನಿಜವಾದ ಸ್ಟೇರಿಂಗ್ ಹಿಡಿದರೆ ಎಚ್ಚರ ತಾನಾಗಿ ಬರುತ್ತದೆ ಅಂತ ನಾನೇ ವಾದ ಹೂಡಿದೆ. ವಕೀಲಿಕೆ ಓದಬೇಕಿತ್ತು ನಾನು. ಆದರೆ ವಾದ ಗೆದ್ದಾಗಲೆಲ್ಲ ಆ ಬೇಲಿಯ ಜಾಗದಲ್ಲಿ ಸ್ಕೂಲಿನ ಗೇಟು ಕಾಣುತ್ತದೆ. ಗೇಟಿನ ಮುಂದೆ ಎಷ್ಟು ಮಕ್ಕಳು ನಿಂತಿರುತ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದಕ್ಕೇ ಕತ್ತರಿಸದ ರೆಕಾರ್ಡಿಂಗನ್ನು ಪೆನ್‌ಡ್ರೈವಿನಲ್ಲಿ ಹಾಕಿ ಇದರ ಜೊತೆ ಇವತ್ತೇ ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ನಾಳೆ ಸಿಗುತ್ತದೆ. ಶುಕ್ರವಾರ ನನ್ನ ಜೊತೆ ನೀನು ಬರಬೇಕು. ನಾನು ಬಾಯಿ ತೆರೆಯುವ ಮೊದಲೇ ಅದನ್ನು ಡಾಕ್ಟರಮ್ಮನ ಕೈಗೆ ಕೊಡು. ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆಯಿಲ್ಲ. ದಾರಿಯಲ್ಲಿ ನಾನು ಪೆನ್‌ಡ್ರೈವ್ ವಾಪಸ್ ಕೇಳಿದರೆ, ಅತ್ತರೂ ಬೈದರೂ ಕೊಡಬೇಡ.

ಕೆಲಸಕ್ಕೆ ಬರುವುದಿಲ್ಲ ಅಂತ ಮಾತ್ರ ನಿನ್ನ ಆಫೀಸಿಗೆ ಹೇಳಬೇಡ. ನನ್ನ ಹತ್ತಿರ ಡ್ರೈವಿಂಗ್ ಕಲಿತ ಹುಡುಗಿಯೊಬ್ಬಳು ನಿಮ್ಮ ಕಡೆಯೇ ವ್ಯಾನ್ ಓಡಿಸುತ್ತಾಳೆ. ಮಾತು ಒರಟು, ಬ್ರೇಕ್ ಮೆತ್ತಗೆ. ಅವಳ ಜೊತೆ ಮಾತಾಡಿದ್ದೇನೆ, ಗುಬ್ಬಿಗೆ ಕಿಟಕಿ ಪಕ್ಕದ ಸೀಟು ಕೊಡುತ್ತಾಳಂತೆ. ನನ್ನ ವ್ಯಾನನ್ನೂ ಅವಳೇ ಕೊಳ್ಳುತ್ತಾಳಂತೆ. ಬೆಲೆ ಹೇಳುವಾಗ ನಾನು ಎರಡು ಸಲ ತಡವರಿಸಿದೆ, ಅವಳು ಕೇಳಿಸದವಳಂತೆ ಇದ್ದಳು. ನನಗೆ ಕೆಟ್ಟ ಸಿಟ್ಟು ಬರುತ್ತಿದೆ ಮಗಳೇ, ಯಾರ ಮೇಲೆ ಅಂತ ಗೊತ್ತಿಲ್ಲ. ನೀನು ಬಂದರೆ ನಿನ್ನ ಮೇಲೆ ಸ್ವಲ್ಪ ತೀರಿಸಿಕೊಳ್ಳುತ್ತೇನೆ, ಸಹಿಸಿಕೋ.

ಬೈಗುಳಕ್ಕೂ ಮುದ್ದಿಗೂ ಒಂದೇ ಬಾಯಿರುವ,
ನಿನ್ನ ಅಮ್ಮ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ರಜೆಗೆ ಬಂದಿದ್ದ ಗುಬ್ಬಿಯನ್ನು ಹೋದ ಶನಿವಾರ ನಿಮ್ಮ ಮನೆಗೆ ತಂದುಬಿಟ್ಟಾಗ, ಬಸ್ಸಿನಲ್ಲಿ ಬಂದೆವು ಅಂದೆನಲ್ಲ. ಸುಳ್ಳು. ವ್ಯಾನಿನಲ್ಲಿ ಬಂದೆವು, ಹಿಂದಿನ ಬೀದಿಯಲ್ಲಿ ನಿಲ್ಲಿಸಿದ್ದೆ. ಇನ್ನೇನು ಲೈಸೆನ್ಸ್ ಕೈಗೆ ಬಂದೇ ಬಿಡುತ್ತದೆ ಅನ್ನುವ ಕೊಬ್ಬು. ಹೇಳಬೇಡ ಅಂತ ಅವಳ ಬಾಯಿ ಕಟ್ಟಿದವಳು ನಾನೇ, ಮಗುವನ್ನು ಬೈಯಬೇಡ. ದಾರಿಯಲ್ಲಿ ಅವಳು ನನ್ನ ತೋಳು ಜಗ್ಗಿ, "ಅಜ್ಜೀ, ಎಷ್ಟು ಸಲ ಕರೀಲಿ ನಿನ್ನ? ಯಾಕೆ ಮಾತಾಡಲ್ಲ?" ಅಂದಳು. ರಸ್ತೆ ನೋಡುತ್ತಿದ್ದೆ ಪುಟ್ಟಾ ಅಂದೆ. ನನಗೆ ಕೇಳಿಸಿದ್ದು ಅದೊಂದೇ ಸಲ. ಅಷ್ಟರಲ್ಲಿ ದೊಡ್ಡ ಸೇತುವೆ ನಮ್ಮ ಹಿಂದೆ ಇತ್ತು. ಅದನ್ನು ದಾಟಿದ್ದು ನನಗೆ ನೆನಪಿಲ್ಲ.