ಮಂಡಿನೋವಿನ ರೋಮ್ ಯಾತ್ರೆ

ಹರ್ಲಿಂಗ್‌ಹ್ಯಾಮ್, ನೈರೋಬಿ
14 ಅಕ್ಟೋಬರ್ 2025

ಪ್ರೀತಿಯ ಗಿರಿಜಾ,

ನೈರೋಬಿ ಬಿಟ್ಟು ಮೈಸೂರು ಸೇರಿದ ಮೇಲೆ ನನ್ನನ್ನು ಮರೆತೇಬಿಟ್ಟೆ ಎಂದು ನಿನ್ನ ಮೇಲೆ ಜಗಳಕ್ಕೆ ನಿಲ್ಲಬೇಕೆಂದಿದ್ದೆ. ಈಗ ಅದಕ್ಕೂ ತ್ರಾಣವಿಲ್ಲ. ಫೋನಿನಲ್ಲಿ ಮಾತಾಡಿದರೆ ಫಿಲಿಪ್ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ. ಶನಿವಾರ ಊರಿಗೆ ಹೊರಟಿರುವ ಸುನಿಲ್ ಕೈಯಲ್ಲಿ ಕಳಿಸುತ್ತೇನೆ.

ನನಗೆ ಹೆದರಿಕೆಯಾಗಿದೆ. ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಕಳೆದ ತಿಂಗಳ ಕೊನೆಗೆ ಅಪ್ಪರ್ ಹಿಲ್‌ನ ಒಂದು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಚೂರು ತೆಗೆದರು. ಆ ಶುಕ್ರವಾರ ರಿಪೋರ್ಟ್ ಬರುವುದಿತ್ತು, ಮರುದಿನವೇ ನಮ್ಮ ರೋಮ್ ವಿಮಾನ. ಬಂದ ಮೇಲೆ ಒಯ್ಯುತ್ತೇನೆ, ಇಟ್ಟಿರಿ ಎಂದು ಹೇಳಿ ಓಡಿಬಂದೆ. ಫಿಲಿಪ್‌ಗೆ ಹೇಳಲಿಲ್ಲ. ಹೇಳಿದ್ದರೆ ಯಾತ್ರೆ ನಿಲ್ಲುತ್ತಿತ್ತು. ಅವರು ಎಷ್ಟು ವರ್ಷದಿಂದ ಆಸೆಪಟ್ಟಿದ್ದು ಅದು!

ಆ ಮನುಷ್ಯನ ಯಾತ್ರೆ ಎಂಥದೆಂದು ನಿನಗೆ ಗೊತ್ತಲ್ಲ. ಮದುವೆಯಾದ ವರ್ಷ ಮೂಡುಬಿದಿರೆಯಿಂದ ಅತ್ತೂರು ಇಗರ್ಜಿಯವರೆಗೆ ನನ್ನನ್ನು ಬರಿಗಾಲಲ್ಲಿ ನಡೆಸಿದವರು. ಕಾಲು ನೋಯದಿದ್ದರೆ ಹರಕೆ ಸಲ್ಲುವುದಿಲ್ಲವಂತೆ. ಅಂಥವರು ಹೊರಡುವ ಹಿಂದಿನ ಸಂಜೆ ಆಫೀಸಿನಿಂದ ಬಂದವರೇ, ತಮಗೆ ಮಂಡಿನೋವು, ಗುಂಪಿನ ಜೊತೆ ನಡೆಯಲಾಗದು, ನಮ್ಮಿಬ್ಬರಿಗೇ ಕಾರು ಗೊತ್ತು ಮಾಡಿದ್ದೇನೆ ಎಂದರು. ನನಗೆ ಒಳಗೊಳಗೇ ನೆಮ್ಮದಿ. ಗುಟ್ಟು ಉಳಿಯಿತು, ಕಾಲೂ ಉಳಿಯಿತು.

ಮಹಾರಾಣಿಯ ಹಾಗೆ ತಿರುಗಿದೆ ಕಣೇ. ಸಂತ ಪೌಲರ ಸಮಾಧಿಯಿರುವ ಇಗರ್ಜಿಗೆ ಬಾಗಿಲ ತನಕ ಕಾರು, ಹೋಟೆಲಿನಲ್ಲಿ ಬೆನ್ನಿಗೆ ಎರಡೆರಡು ದಿಂಬು. ಮೊದಲ ಕಾಲದ ಕ್ರೈಸ್ತರನ್ನು ಹೂಳುತ್ತಿದ್ದ ನೆಲದಡಿಯ ಸುರಂಗಕ್ಕೆ ಇಳಿದಾಗ ಮಾತ್ರ ಗಂಟು ನೆನಪಾಯಿತು. ಇಕ್ಕಟ್ಟಾದ ಓಣಿ. ಎರಡೂ ಗೋಡೆಗಳಲ್ಲಿ ಕಪಾಟಿನ ಅರೆಗಳಂತೆ ಗೋರಿಗಳು, ಎಲ್ಲ ಖಾಲಿ. ಒಂದು ಸರಿಯಾಗಿ ನನ್ನ ಅಳತೆಯದ್ದೇ. ಕಾಲು ಕಿತ್ತಿಡಲಾಗಲಿಲ್ಲ. ಫಿಲಿಪ್ ನನ್ನ ಕೈ ಹಿಡಿದವರು ಮೇಲೆ ಬಿಸಿಲಿಗೆ ಬರುವವರೆಗೂ ಬಿಡಲಿಲ್ಲ. ನಾಲ್ಕು ಜನರೆದುರು ಹೆಂಡತಿಯ ಪಕ್ಕ ಕೂರಲೂ ನಾಚುವ ಗಂಡ!

ಕೊನೆಯ ದಿನ ಪವಿತ್ರ ಮೆಟ್ಟಿಲು. ವಿಚಾರಣೆಯ ದಿನ ಯೇಸು ಹತ್ತಿದ್ದು ಇವನ್ನೇ, ಆಮೇಲೆ ರೋಮಿಗೆ ತಂದರು ಎಂದು ನಂಬಿಕೆ. ಇಪ್ಪತ್ತೆಂಟು ಇವೆ, ಮಂಡಿಯೂರಿಯೇ ಹತ್ತಬೇಕು. ನಾನೂ ಊರಲು ಹೊರಟರೆ ತೋಳು ಹಿಡಿದು ಕೂರಿಸಿ, ನಿನ್ನ ಪಾಲಿನದ್ದೂ ನಾನೇ ಹತ್ತುತ್ತೇನೆ ಎಂದರು. ಮಂಡಿನೋವೆಂದು ಕಾರು ಮಾಡಿಸಿದ ಮನುಷ್ಯ ಅದೇ ಮಂಡಿಯ ಮೇಲೆ ಎರಡು ಸಲ ಹತ್ತಿದರು, ಗಿರಿಜಾ! ಇದೆಂಥ ಹುಚ್ಚು ಭಕ್ತಿ ಎಂದು ಬೈದೆ. ಬೆವರು ಒರೆಸಿಕೊಂಡು ಸುಮ್ಮನೆ ನಕ್ಕರು.

ನಾಳೆ ರಿಪೋರ್ಟ್ ತರಬೇಕು. ಕೆಟ್ಟದ್ದೇ ಇದ್ದರೆ ಅವರಿಗೆ ಹೇಗೆ ಹೇಳಲಿ? ತಡೆದುಕೊಳ್ಳುವ ಜೀವವಲ್ಲ ಅದು. ನೀನೊಂದು ಉಪಾಯ ಹೇಳು. ನಿನ್ನ ದೇವರಿಗೂ ಒಂದು ದೀಪ ಹಚ್ಚು.

ಹೆದರಿ ಕುಳಿತಿರುವ ನಿನ್ನ ಗೆಳತಿ,
ಫ್ರೀಡಾ

ತಾ.ಕ.: ಬುಧವಾರ ಸಂಜೆ. ಆಸ್ಪತ್ರೆಗೆ ಹೋಗಿ ಬಂದೆ. ವಿಮೆ ಫಿಲಿಪ್ ಕಂಪನಿಯದಲ್ಲವೇ, ರಿಪೋರ್ಟ್ ಸಿದ್ಧವಿದೆ ಎಂಬ ಮೆಸೇಜು ಅವರ ಫೋನಿಗೇ ಹೋಗಿದೆ. ಕೌಂಟರಿನವಳು ರಿಪೋರ್ಟ್ ಒಯ್ದವರ ರಿಜಿಸ್ಟರ್ ತಿರುಗಿಸಿ ತೋರಿಸಿದಳು. ಮೂರನೆಯ ತಾರೀಖು, ಶುಕ್ರವಾರ ಮಧ್ಯಾಹ್ನ, ಫಿಲಿಪ್ ಸಹಿ. ನಾವು ಹೊರಡುವ ಹಿಂದಿನ ದಿನ. ಮನೆಗೆ ಬಂದೆ, ಅವರನ್ನು ಏನೂ ಕೇಳಿಲ್ಲ. ಊದಿದ ಮಂಡಿ ಎಳೆದುಕೊಂಡು ಅಡುಗೆಮನೆಯಲ್ಲಿ ನನಗೆ ಟೀ ಮಾಡುತ್ತಿದ್ದಾರೆ, ಮದುವೆಯಾದ ಮೇಲೆ ಇದೇ ಮೊದಲು. ಆ ರಿಪೋರ್ಟಿನಲ್ಲಿ ಏನಿದೆ ಎಂದು ನಾನಿನ್ನು ಯಾರನ್ನೂ ಕೇಳಬೇಕಾಗಿಲ್ಲ.