ಐದು ವರ್ಷದ ವನ್ಸ್ ಮೋರ್

ಸರಸಂಬಾ
೧೨ ಜುಲೈ ೨೦೨೫

ಮಗಳೇ ಸುನಿತಾ,

ನಲವತ್ತು ವರ್ಷ ರಂಗದ ಮೇಲೆ ಮೈಕಿಲ್ಲದೆ ಗರ್ಜಿಸಿದ ನಿನ್ನ ಅಪ್ಪ ಇವತ್ತು ಕಾಗದದ ಮೇಲೆ ಮೆಲ್ಲಗೆ ಮಾತಾಡುತ್ತಿದ್ದಾನೆ. ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಕೂಗಿಯೇ ಮಾತಾಡುತ್ತಿದ್ದೆ, ಬಿಡು.

ವಿಶ್ವವಿದ್ಯಾಲಯದ ಇಜೇರಿ ಸ್ನಾತಕೋತ್ತರ ಕೇಂದ್ರದಿಂದ ನಿನ್ನನ್ನು ಬಿಡಿಸಿದ್ದಾರೆಂದು ನಿನ್ನ ಅವ್ವ ರೊಟ್ಟಿ ಬಡಿಯುತ್ತಾ ಹೇಳಿದಳು. ಆರು ವರ್ಷ ಭೂಗೋಳ ಕಲಿಸಿದ ಅತಿಥಿ ಉಪನ್ಯಾಸಕಿಗೆ ಒಂದೇ ಸಾಲಿನ ಪತ್ರ! ಫೀಸು ಏರಿಸುವಂತಿಲ್ಲ, ಅನುದಾನ ಏರಿಲ್ಲ, ಕರೆಂಟ್ ಬಿಲ್ಲು, ಪಿಂಚಣಿ ಮಾತ್ರ ಏರಿವೆ. ಕಾಯಂ ನೌಕರರ ಸಂಬಳ ಮುಟ್ಟುವಂತಿಲ್ಲ. ಬಿಡಿಸಲು ಉಳಿದವರು ನೀವು ಅತಿಥಿಗಳೇ.

ಫೀಸು ಏರದಂತೆ ಮಾಡಿದವನು ನಾನು. ಹೋದ ವರ್ಷ ಆಳಂದದ ಪಾಲಕರ ಸಭೆಯಲ್ಲಿ ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ವಿಶ್ವವಿದ್ಯಾಲಯದವರು ಫೀಸು ಆರುನೂರು ರೂಪಾಯಿ ಏರಿಸುತ್ತಾರಂತೆ! ಎದ್ದೆ. “ಒಂದು ವರ್ಷ, ಒಂದು ಪೈಸೆಯೂ ಏರಕೂಡದು!” ಎಂದೆ. ಛಾವಣಿಯ ತಗಡು ನಡುಗಿತು. ಚಪ್ಪಾಳೆ, ಸಿಳ್ಳೆ, “ವನ್ಸ್ ಮೋರ್!” ನಮ್ಮ ನಾಟಕ ಕಂಪನಿಯ ಪದ್ಧತಿ ನಿನಗೆ ಗೊತ್ತಲ್ಲ, ಎರಡನೇ ಸಲ ಅದೇ ಮಾತನ್ನು ಒಂದು ಮೆಟ್ಟಿಲು ಮೇಲಿನ ಸ್ವರದಲ್ಲಿ ಹೇಳಬೇಕು. ಸ್ವರದ ಜೊತೆ ವರ್ಷವೂ ಏರಿತು. “ಐದು ವರ್ಷ!” ಎಂದುಬಿಟ್ಟೆ. ಸಭೆ ಅದನ್ನೇ ಠರಾವು ಮಾಡಿತು, ಆಮೇಲೆ ವಿಶ್ವವಿದ್ಯಾಲಯಕ್ಕೆ ಹಾಗೇ ಆದೇಶ ಬಂತು. ಅದರ ಪೆಟ್ಟು ನಿನಗೆ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿನ್ನೆ ನಮ್ಮ ಓಣಿಯ ಬದರುನ್ನಿಸಾಳ ಮಗಳು ಸಾಯಿರಾ ಇಜೇರಿಯ ಹಾಸ್ಟೆಲಿನಿಂದ ಬಂದಿದ್ದಳು. “ಕಾಕಾ, ಅವತ್ತ ನೀವು ಮಾತಾಡೀರಿ ಅಂತ ನಮ್ಮವ್ವ ನನ್ನ ಎಂ.ಎ.ಕ್ಕ ಹಚ್ಚಿದಳು, ಖರೇ. ಆದ್ರ ಭೂಗೋಳದ ಕ್ಲಾಸೇ ನಡೀವಲ್ವು. ಉಳಿದ ಆರುನೂರು ಕಲಬುರಗಿ ಟ್ಯೂಷನ್ನಿನ ಬಸ್ಸಿಗೇ ಸಾಲವಲ್ದು. ಸುನಿತಾ ಮೇಡಂ ಯಾವಾಗ ಬರ್ತಾರ್ರಿ?” ಎಂದಳು. ನಾನು ಮಹಾರಾಜನ ನಗೆ ನಕ್ಕು, “ಬರ್ತಾಳ ಬೇ, ಬರ್ತಾಳ” ಎಂದೆ. ಒಳಗಿನಿಂದ ನಿನ್ನ ಅವ್ವ, “ನಾಟಕ ಮುಗದ್ರೂ ಗಡ್ಡ ತಗೀವಲ್ರು ನೋಡ್ ಇವರು” ಅಂದಳು.

ಗುರುವಾರ ಅಫಜಲಪುರದಲ್ಲಿ ಫೀಸು ತಡೆದದ್ದಕ್ಕೆ ಪಾಲಕರು ನನಗೆ ಶಾಲು ಹೊದಿಸುತ್ತಾರಂತೆ. ಹೋಗುತ್ತೇನೆ. ಶಾಲು ತೆಗೆದಿಟ್ಟು ಹೇಳುತ್ತೇನೆ: ಬಡವರ ಮಕ್ಕಳಿಗೆ ಹಳೆಯ ಫೀಸೇ ಇರಲಿ, ಕೊಡಲು ಆಗುವವರಿಗೆ ಪ್ರತಿವರ್ಷ ಇಷ್ಟಿಷ್ಟು ಏರಲಿ, ಕಲಿಸುವವರು ವಾಪಸು ಬರಲಿ. ಮಗಳ ಸಲುವಾಗಿ ಮಾತು ತಿರುಗಿಸಿದ ಎನ್ನುತ್ತಾರೆ. ಹೌದು ಎನ್ನುತ್ತೇನೆ. ಚಪ್ಪಲಿ ಬಿದ್ದರೂ ಬೀಳಲಿ. ಕೆಲಸ ಮರಳುತ್ತದೆಂದು ಮಾತು ಕೊಡುವ ಧೈರ್ಯ ಮಾತ್ರ ನನಗಿಲ್ಲ.

ಜೇವರ್ಗಿಯ ಆ ಕೋಣೆಯಲ್ಲಿ ಒಬ್ಬಳೇ ಇರಬೇಡ. ನಾಲ್ಕು ದಿನ ಇಲ್ಲಿಗೆ ಬಾ.

ನಿನ್ನ ಅಪ್ಪ,
ಜಗದೇವಪ್ಪ

ತಾ.ಕ.: ಮೇಲೆ ‘ಗೊತ್ತಿರಲಿಲ್ಲ’ ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕು. ಮೊದಲ ಸಲ ಮಾತಾಡಿ ಕೂತಾಗ ಪಕ್ಕದಲ್ಲಿದ್ದ ವಿಶ್ವವಿದ್ಯಾಲಯದ ಅಧಿಕಾರಿ ಕಿವಿಯಲ್ಲಿ ಹೇಳಿದ್ದರು: “ಒಂದ್ ವರ್ಷ ತಡಕೋತೀವ್ರಿ. ಅದಕ್ಕಿಂತ ಹೆಚ್ಚಾದ್ರ ಮೊದಲ ಅತಿಥಿ ಉಪನ್ಯಾಸಕರನ್ನ ಬಿಡಿಸಬೇಕಾಗ್ತದ.” ನೀನು ನೆನಪಾದೆ ಕೂಡ. ಅಷ್ಟರಲ್ಲಿ ಸಿಳ್ಳೆ ಬಿದ್ದವು, “ವನ್ಸ್ ಮೋರ್!” ಎಂದರು. ನಾನು ಎದ್ದು ನಿಂತೆ.