ನಮ್ಮ ಮನೆ ಹೆಸರಿನ ಬಾಟಲಿ

ಬಾವಿ ಓಣಿ
೨೨ ಆಗಸ್ಟ್ ೨೦೨೫, ಶುಕ್ರವಾರ

ಚಿ. ಸೌ. ಹರಿಪ್ರಿಯಾ,

ನಿನಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದ. ಹೊಟ್ಟೆಯಲ್ಲಿ ಕೂತು ಒದೆಯುತ್ತಿರುವ ಆ ಪುಂಡನಿಗೂ. ನಾನು ಫೋನು ಎತ್ತುತ್ತಿಲ್ಲ ಎಂದು ನೀನು ಸಿಟ್ಟಾಗಿದ್ದೀಯಂತೆ, ನಿಮ್ಮಪ್ಪ ಹೇಳಿದರು. ಸಿಟ್ಟಾಗು, ಆದರೆ ಊಟ ಬಿಡಬೇಡ. ಫೋನಿನಲ್ಲಿ ನಾನು ಏನು ಹೇಳಲಿ? ನೀನು ಸ್ಪೀಕರ್ ಹಾಕಿಟ್ಟು ಚಪಾತಿ ಲಟ್ಟಿಸುತ್ತಿರುತ್ತಿ, ಪಕ್ಕದಲ್ಲೇ ನಿಮ್ಮ ಅತ್ತೆ ಮೈಯೆಲ್ಲ ಕಿವಿಯಾಗಿ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ಧೀರೇಂದ್ರ ಕಾಕಾ ಕೆಲಸದ ಮೇಲೆ ರಾಯಚೂರಿಗೆ ಬರುತ್ತಿದ್ದಾನೆ, ನಿನ್ನ ಕೈಗೇ ಕೊಡು ಎಂದಿದ್ದೇನೆ. ಒಬ್ಬಳೇ ಇದ್ದಾಗ ಓದು. ತಡವಾದದ್ದಕ್ಕೆ ಬೈಯಬೇಡ, ಎರಡು ಸಲ ಬರೆದು ಹರಿದು ಹಾಕಿದೆ.

ಇಲ್ಲಿ ಎಲ್ಲರೂ ಇದ್ದೇವೆ. ನಿಮ್ಮ ಅಜ್ಜಿಗೆ ಮೊಣಕಾಲು ನೋವು, ಆದರೂ ಶ್ರಾವಣದ ಒಂದು ಶುಕ್ರವಾರವನ್ನೂ ಬಿಟ್ಟಿಲ್ಲ. ಮಠದ ಬಾವಿಯಿಂದ ದಿನಾ ಎರಡು ಕೊಡ ಮಡಿ ನೀರು ಬರಲೇಬೇಕು. ಅದನ್ನು ನಾವು ಯಾರೂ ಮುಟ್ಟುವ ಹಾಗಿಲ್ಲ, ನಿನಗೆ ಗೊತ್ತಲ್ಲ.

ನಮ್ಮ ನಳದ ನೀರಿನ ಸುದ್ದಿ ನಿನಗೆ ಅರ್ಧ ಮಾತ್ರ ಗೊತ್ತು. ಮಳೆ ಶುರುವಾದಾಗಿನಿಂದ ನೀರಿಗೆ ಗಟಾರದ ವಾಸನೆ. ಪೈಪು ಗಟಾರದೊಳಗಿಂದಲೇ ಹಾದುಹೋಗಿದೆ. ಮೇಲಿನ ಶಹಾಬಾದ್ ಕಲ್ಲು ಎತ್ತಿ ನೋಡಿದರೆ ಒಡೆದ ಜಾಗ ಕುರುಡನಿಗೂ ಕಂಡೀತು. ಕುದಿಸಿದರೂ ವಾಸನೆ ಹೋಗುವುದಿಲ್ಲ. ಕುಡಿಯಲು ಕ್ಯಾನ್ ತರಿಸೋಣ, ಆದರೆ ಬಾಣಂತಿಯ ಸ್ನಾನಕ್ಕೆ, ಕೂಸಿಗೆ ಎರೆಯಲು, ಬಟ್ಟೆಗೆ, ಪಾತ್ರೆಗೆ ಹಂಡೆಗಟ್ಟಲೆ ನೀರು ಎಲ್ಲಿಂದ ತರಲಿ? ಗಣಪತಿ ಮುಗಿದ ಮೇಲೆ ನಿನ್ನನ್ನು ಹೆರಿಗೆಗೆ ಕರೆತರುವುದೆಂದು ಮಾತಾಗಿತ್ತು. ಅಷ್ಟರೊಳಗೆ ಪೈಪು ಬದಲಾಗಲೇಬೇಕು ಎಂದು ನಾನು ಹಟ ಹಿಡಿದೆ.

ನಿಮ್ಮಪ್ಪ ಅರ್ಜಿ ಬರೆದರು. ಮದುವೆ ಪತ್ರಿಕೆಯ ಹಾಗೆ ಬರೆದರು ಅನ್ನು, ‘ಸವಿನಯ’ ಎಂಬ ಮಾತೇ ನಾಲ್ಕು ಕಡೆ. ಹಿಂದಿನ ಓಣಿಯ ಯಂಕಮ್ಮ ಹೆಬ್ಬೆಟ್ಟು ಒತ್ತಿ ನಮ್ಮ ಜೊತೆ ಪುರಸಭೆಗೆ ಬಂದರು. ಅವರದೂ ಇದೇ ಪೈಪಿನ ನೀರು. ಅವರ ಮಗಳು ಸಪ್ನಾ, ನಿನ್ನ ಶಾಲೆಯ ಗೆಳತಿ, ಆಗ ತಾನೇ ಅವ್ವನ ಮನೆಯಲ್ಲಿ ಗಂಡು ಹಡೆದಿದ್ದಳು. ಇಂಜಿನಿಯರ್ ಸಾಹೇಬರು ಇನ್ನೂ ಒಳಗೆ ಕರೆಯಲಿಲ್ಲವೆಂದು ನಾನು ಗೊಣಗುತ್ತಿದ್ದರೆ ಯಂಕಮ್ಮ ನೇರ ಒಳಗೆ ಹೋಗಿ, “ಸಾಹೇಬರ, ಮನ್ಯಾಗ ಹಸಿ ಬಾಣಂತಿ ಅದಾಳ್ರಿ. ನೀವು ಒಂದ್ ಗ್ಲಾಸ್ ಕುಡುದು ತೋರಿಸ್ರಿ, ನಾವು ಸುಮ್ನ ಹೋಗತೀವಿ” ಅಂದರು. ಸಾಹೇಬರ ಮುಖ ಸಣ್ಣದಾಯಿತು. ನೀರು ಪರೀಕ್ಷೆಗೆ ಜನ ಕಳಿಸುತ್ತೇನೆ ಎಂದರು. ಆ ದಿನ ನಾವು ಗೆದ್ದೆವೆಂದು ದಾರಿಯಲ್ಲಿ ಮಿರ್ಚಿ ಭಜಿ ತಿಂದು ಬಂದೆವು.

ಪರೀಕ್ಷೆಯವನು ಬಂದದ್ದು ಸಪ್ನಾಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ನಾನು ಅಲ್ಲಿದ್ದೆ, ನಿಮ್ಮಪ್ಪ ಬ್ಯಾಂಕಿಗೆ ಹೋಗಿದ್ದರು. ನಳ ಬಿಡುವ ದಿನವಲ್ಲ, ಆದ್ದರಿಂದ ತುಂಬಿಟ್ಟ ನಳದ ನೀರನ್ನೇ ಕೊಡಿ ಎಂದನಂತೆ. ಬಾಟಲಿಗೆ ಚೀಟಿ ಅಂಟಿಸಿ, ಅದರ ಮೇಲೆ ನಿಮ್ಮಪ್ಪನ ಹೆಸರು, ಮನೆ ನಂಬರು ಬರೆದನಂತೆ. ಅಜ್ಜಿ ಅವನನ್ನು ಕೂಡಿಸಿ, ಚಹಾ ಕೊಟ್ಟು, ಬಾಟಲಿಯನ್ನು ಒಳಗೆ ಒಯ್ದು ತಮ್ಮ ಮಡಿ ಕೊಡದಿಂದ ತುಂಬಿ ತಂದುಕೊಟ್ಟಿದ್ದಾರೆ!

ನಾನು ಹಣೆ ಬಡಿದುಕೊಂಡೆ. “ಅತ್ತೇರ, ಯಾಕ ಹಂಗ ಮಾಡಿದ್ರಿ?” ಅಂದರೆ, “ನಮ್ಮ ಮನಿ ಹೆಸರು ಬರದು ಹೊಲಸು ನೀರು ಕಳಸ್ಲೇನು? ಆಫೀಸಿನಾಗ ನಾಕು ಮಂದಿ ಓದತಾರ. ಇಷ್ಟು ವರ್ಷ ಈ ಮನಿ ನೀರಿಗೆ ಯಾರೂ ಹೆಸರು ಇಟ್ಟಿಲ್ಲ” ಅಂದರು. ಎಂಬತ್ತು ದಾಟಿದ ಜೀವಕ್ಕೆ ಏನೆಂದು ಬೈಯಲಿ?

ನೀರು ಕುಡಿಯಲು ಯೋಗ್ಯ ಎಂದು ವರದಿ ಬಂತು. ಕಂಪ್ಲೇಂಟ್ ಕ್ಲೋಸ್ ಆಗಿದೆ ಎಂದು ನಿಮ್ಮಪ್ಪನ ಮೊಬೈಲಿಗೆ ಮೆಸೇಜೂ ಬಂತು. ಓಡಿಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಸಾಹೇಬರು ನಕ್ಕರು. “ಅಂದ್ರ ಸರ್ಕಾರಕ್ಕ ಸುಳ್ಳು ನೀರು ಕೊಟ್ಟೀರೇನ್ರಿ? ಬರದು ಕೊಡ್ರಿ ಹಂಗಾದ್ರ, ಕೇಸ್ ಹಾಕತೀನಿ.” ನಿಮ್ಮಪ್ಪ ಬೆವರು ಒರೆಸಿಕೊಂಡು ಕೂತುಬಿಟ್ಟರು. ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಅಂದರೆ ಮಳೆಗಾಲ ಮುಗಿಯಲಿ ಅಂತಾರೆ. ಮತ್ತೆ ಹೋದೆವು, ಮತ್ತೆ ಅದೇ ವರದಿ ತೋರಿಸಿದರು. ಹೊರಗೆ ಬಂದ ಮೇಲೆ ಯಂಕಮ್ಮ ಅಂದದ್ದು ಇಷ್ಟೇ: “ನಿಮ್ಮ ಮನಿ ನೀರು ಪಾಸ್ ಆತ್ರಿ ಬಾಯಾರ. ನಮ್ಮ ನೀರು ಯಾರು ನೋಡಬೇಕ್ರಿ?”

ಅದಾದ ಮೇಲೆ ಅವರು ಪುರಸಭೆಗೆ ಬರುವುದನ್ನು ಬಿಟ್ಟರು. ನಿಮ್ಮಪ್ಪನೂ ಪೆನ್ನು ಮುಟ್ಟುತ್ತಿಲ್ಲ. ನಾನೊಬ್ಬಳೇ ಹೋಗಿ ಬೆಂಚಿನ ಮೇಲೆ ಕೂತು ಬರುತ್ತೇನೆ. ಈಗ ನನ್ನನ್ನು ಯಾಕೆ ಬಂದಿರೆಂದು ಕೇಳುವವರೂ ಇಲ್ಲ. ಇಷ್ಟು ಕೈಲಾಗದವಳಾಗಿ ನಾನು ಯಾವತ್ತೂ ಇರಲಿಲ್ಲ, ಹರಿಪ್ರಿಯಾ.

ಧೀರೇಂದ್ರನ ಕೈಯಲ್ಲಿ ಮೆಂತ್ಯದ ಹಿಟ್ಟು, ಅಂಟಿನ ಉಂಡಿ, ಇವತ್ತಿನ ಪೂಜೆಯ ಕುಂಕುಮ ಕಳಿಸಿದ್ದೇನೆ. ಉಂಡಿ ನಿನಗೆ, ಮನೆಮಂದಿಗೆಲ್ಲ ಹಂಚಿ ದೊಡ್ಡಸ್ತಿಕೆ ತೋರಿಸಬೇಡ. ಎಡಕ್ಕೆ ಮಗ್ಗುಲಾಗಿ ಮಲಗು. ಅಳಿಯಂದಿರಿಗೆ, ನಿಮ್ಮ ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು. ನೀನು ಸುಖವಾಗಿ ಹಡೆದು ಎದ್ದರೆ ನನಗೆ ಬೇರೇನೂ ಬೇಡ.

ನಿನ್ನ
ಅಮ್ಮ

ತಾ.ಕ.: ಸಹಿ ಹಾಕಿದ ಮೇಲೂ ಹೇಳಬೇಕಾದ್ದನ್ನು ಹೇಳಿಲ್ಲ. ಹೆರಿಗೆಗೆ ಇಲ್ಲಿಗೆ ಬರಬೇಡ, ಮಗಳೇ. ಚೊಚ್ಚಲಿಗೆ ತವರಿಗೆ ಬರಬೇಡ ಎಂದು ಯಾವ ತಾಯಿ ಬರೆದಾಳು, ನಾನು ಬರೆಯುತ್ತಿದ್ದೇನೆ. ನಿಮ್ಮ ಅತ್ತೆಗೆ ನೀರಿನ ಮಾತು ಎತ್ತಬೇಡ, ಅಮ್ಮನಿಗೆ ಮೈಯಲ್ಲಿ ಹುಷಾರಿಲ್ಲ ಅನ್ನು. ತವರಿನಲ್ಲಿ ನೀರಿಗೂ ಗತಿಯಿಲ್ಲ ಎಂದು ನಾಳೆ ನಿನ್ನನ್ನು ಆಡಿಕೊಳ್ಳಬಾರದು.

ನೀನು ಹಟಮಾರಿ. ಕಾರಣ ಹೇಳದಿದ್ದರೆ ವಾಡಿ ಸ್ಟೇಷನ್ನಿನಲ್ಲಿ ಇಳಿದು ಬಂದೇಬಿಡುತ್ತಿ. ಅದಕ್ಕೇ ಬರೆಯಬಾರದ್ದನ್ನೂ ಬರೆಯುತ್ತಿದ್ದೇನೆ. ಸಪ್ನಾಳ ಕೂಸು ಉಳಿಯಲಿಲ್ಲ. ವಾಂತಿ ಭೇದಿ ಶುರುವಾಗಿ ಕಲಬುರಗಿಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅವಳಿಗೆ ಸದ್ಯ ಫೋನು ಮಾಡಬೇಡ. ಯಂಕಮ್ಮ ನಮಗೆ ಒಂದು ಮಾತೂ ಅನ್ನಲಿಲ್ಲ, ಬಾಯಿತುಂಬ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅಜ್ಜಿಗೆ ಹೇಳಿಲ್ಲ. ದಿನಾ ದೀಪ ಹಚ್ಚಿದ ಮೇಲೆ “ಯಂಕಮ್ಮನ ಮೊಮ್ಮಗ ಹ್ಯಾಂಗಿದ್ದಾನ?” ಎಂದು ಕೇಳುತ್ತಾರೆ. “ಚೊಲೋ ಇದ್ದಾನ” ಎನ್ನುತ್ತೇವೆ. ಇವತ್ತು ತಮ್ಮ ಹಳೆಯ ರೇಷ್ಮೆ ಸೀರೆ ಕತ್ತರಿಸಿ ಎರಡು ಕುಂಚಿಗೆ ಹೊಲಿದರು. ಒಂದನ್ನು ನಿನ್ನ ಕೂಸಿಗೆಂದು ಉಂಡಿಯ ಡಬ್ಬಿಯ ಮೇಲೆ ಇಟ್ಟಿದ್ದೇನೆ. ಇನ್ನೊಂದನ್ನು ಸಪ್ನಾಳ ಕೂಸಿನ ತಲೆಗೆ ನೀನೇ ಕಟ್ಟಿ ಬಾ ಎಂದು ನನ್ನ ಕೈಗೆ ಕೊಟ್ಟಿದ್ದಾರೆ.